ಸುರಪುರ ಆಳಿದ ಸಾಹೇಬ, ಲಂಡನ್ ನಡುಗಿಸಿದ ಕಾದಂಬರಿಕಾರ: ಮೆಡೋಸ್ ಟೇಲರ್ ಬದುಕಿನ ಎರಡು ಮುಖ

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದವರಿಗೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಗೊತ್ತಿರುತ್ತದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಈ ಭಾಗದ ಜನರ ಮೆಚ್ಚುಗೆ ಗಳಿಸಿದ ಅಧಿಕಾರಿ. ಆದರೆ ಭಾರತದ ಬಗ್ಗೆ ಇಂಗ್ಲೆಂಡಿನಲ್ಲಿ ದೊಡ್ಡ ಭಯ ಹುಟ್ಟಿಸಿದ ಕಾದಂಬರಿ ಬರೆದವನೂ ಇವನೇ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. 15ನೇ ವಯಸ್ಸಿಗೇ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬೈಗೆ ಬಂದ. ಆ ಕೆಲಸ ಕೈಹಿಡಿಯಲಿಲ್ಲ. 1824ರಲ್ಲಿ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಹುದ್ದೆ ಸಿಕ್ಕಿ ಔರಂಗಾಬಾದ್, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರ ಸೇರಿದ. ದಖ್ಖನ್‌ನ ಜನ, ಭಾಷೆಗಳ ಪರಿಚಯ ಶುರುವಾಗಿದ್ದು ಅಲ್ಲಿಂದ. ಮುಂದೆ ಪೊಲೀಸ್ ಕೆಲಸದಲ್ಲಿದ್ದಾಗ ದಾರಿಹೋಕರ ಕೊಲೆಗಳ ಸುದ್ದಿ ಕಿವಿಗೆ ಬಿತ್ತು.

ನಡುಕ ಹುಟ್ಟಿಸಿದ ಪುಸ್ತಕ

ಆಗ ಕಂಪನಿ ಸರ್ಕಾರದ ಅಧಿಕಾರಿ ವಿಲಿಯಂ ಸ್ಲೀಮನ್ ಥಗ್ಗರ ಬೇಟೆಗೆ ಇಳಿದಿದ್ದ. ಥಗ್ಗರ ಗುಂಪಿಗೆ ಸೇರಿದ್ದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ ಎಂಬ ಕಾನೂನು 1836ರಲ್ಲಿ ಬಂತು. ಸೆರೆಸಿಕ್ಕವರ ಹೇಳಿಕೆಗಳನ್ನೇ ಆಧರಿಸಿ ಟೇಲರ್ 1839ರಲ್ಲಿ ಥಗ್ ಒಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಪ್ರಕಟಿಸಿದ. ಕಥಾನಾಯಕ ಅಮೀರ್ ಅಲಿ ನೂರಾರು ಜನರ ಕುತ್ತಿಗೆಗೆ ಕರವಸ್ತ್ರ ಬಿಗಿದವನು. ತನಗರಿಯದೆ ಒಡಹುಟ್ಟಿದ ತಂಗಿಯನ್ನೂ ಕೊಂದವನು. ಶಕುನ, ದೇವಿ ಪೂಜೆ, ರಾತ್ರಿಯ ಗುಂಡಿಗಳು ತುಂಬಿದ ಈ ಕಥೆಯನ್ನು ಲಂಡನ್ ಮುಗಿಬಿದ್ದು ಓದಿತು. ವಿಕ್ಟೋರಿಯಾ ರಾಣಿಯೂ ಇದರ ಓದುಗಳಾಗಿದ್ದಳು.

ಭಯಕ್ಕೊಂದು ಮುಖ

ಭಯದ ಕಥೆಗೆ ಒಂದು ಸಮುದಾಯದ ಮುಖ ಅಂಟಿಸುವುದು ಯುರೋಪಿನ ಹಳೇ ಚಾಳಿ. 1796ರ 'ದಿ ಮಂಕ್' ಕಾದಂಬರಿಯಲ್ಲಿ ಶಾಪಗ್ರಸ್ತನಾಗಿ ಅಲೆಯುವ ಯಹೂದಿ ಬರುತ್ತಾನೆ. 1894ರ 'ಟ್ರಿಲ್ಬಿ'ಯಲ್ಲಿ ಹುಡುಗಿಯನ್ನು ಸಮ್ಮೋಹನಗೊಳಿಸುವ ಸ್ವೆಂಗಾಲಿ ಯಹೂದಿ. 1897ರ 'ಡ್ರಾಕುಲಾ'ದ ರಕ್ತಪಿಪಾಸು ಚಿತ್ರದಲ್ಲೂ ಯಹೂದಿ ದ್ವೇಷದ ಛಾಯೆಯನ್ನು ಹಲವು ವಿಮರ್ಶಕರು ಗುರುತಿಸಿದ್ದಾರೆ. ಭಾರತದ ಮಟ್ಟಿಗೆ ಆ ಜಾಗದಲ್ಲಿ ನಿಂತವನು ಥಗ್.

ದರೋಡೆ, ಕೊಲೆ ನಡೆದಿದ್ದು ಸುಳ್ಳಲ್ಲ. ಆದರೆ ದೇಶಕ್ಕೆಲ್ಲ ಹರಡಿದ ಒಂದೇ ರಹಸ್ಯ ಪಂಥ ಇತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಅಪರಾಧ ರಕ್ತದಲ್ಲೇ ಬರುತ್ತದೆ ಎಂಬ ನಂಬಿಕೆ ಮಾತ್ರ ಗಟ್ಟಿಯಾಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿ, ಗದಗದ ಸೆಟ್ಲಮೆಂಟ್‌ಗಳು ಅದೇ ಕಾಯ್ದೆಯ ಗುರುತುಗಳು.

ಸುರಪುರದ ಟೇಲರ್

ಟೇಲರ್ ಮಾತ್ರ ಜನರನ್ನು ದೂರದಿಂದ ನೋಡಿದವನಲ್ಲ. ಪತ್ನಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಮಗಳು. ಆಕೆಯ ಅಜ್ಜಿ ಭಾರತೀಯ ಮುಸ್ಲಿಂ ಬೇಗಂ. 1841ರಲ್ಲಿ ಸುರಪುರಕ್ಕೆ ಬಂದ ಟೇಲರ್, ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ. ರಾಜನನ್ನು ಮಗನಂತೆ ಬೆಳೆಸಿದ. ಸುತ್ತಲಿನ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳನ್ನು ಅಗೆದು ಅಧ್ಯಯನ ಮಾಡಿದ.

ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಸಿಕ್ಕ. ಮರಣದಂಡನೆ ರದ್ದಾಗಿ ಸೆರೆವಾಸಕ್ಕೆ ಇಳಿಯಿತಾದರೂ, ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಮೃತಪಟ್ಟ. ಆತ್ಮಹತ್ಯೆ ಎಂದಿತು ಬ್ರಿಟಿಷ್ ದಾಖಲೆ. ಟೇಲರ್‌ಗೆ ಇದು ಬಹಳ ನೋವು ತಂದಿತು. 1872ರ 'ಸೀತಾ' ಕಾದಂಬರಿಯಲ್ಲಿ ಆತ ಹಿಂದೂ ವಿಧವೆ ಮತ್ತು ಇಂಗ್ಲಿಷ್ ಅಧಿಕಾರಿಯ ಮದುವೆಯ ಕಥೆ ಹೇಳಿದ. ಅಂದಿನ ಇಂಗ್ಲಿಷರಿಗೆ ಅದು ಸುಲಭದ ವಸ್ತುವಾಗಿರಲಿಲ್ಲ.

1876ರಲ್ಲಿ ಫ್ರಾನ್ಸ್‌ನ ಮೆಂಟನ್‌ನಲ್ಲಿ ಟೇಲರ್ ನಿಧನನಾದ. ಆದರೆ ಜಗತ್ತು ನೆನಪಿಟ್ಟುಕೊಂಡಿದ್ದು 'ಸೀತಾ'ಳನ್ನಲ್ಲ, ಅಮೀರ್ ಅಲಿಯನ್ನು. ಅಪರಾಧಿ ಬುಡಕಟ್ಟು ಎಂಬ ಕಾನೂನಿನ ಹಣೆಪಟ್ಟಿ ಕಳಚಿದ್ದು 1952ರ ಆಗಸ್ಟ್ 31ರಂದು. ವಿಮುಕ್ತ ಸಮುದಾಯಗಳ ಮೇಲಿನ ಅನುಮಾನ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.