ಬೀದಿಯ ಬ್ಯಾಂಡು ಬೆಳೆಸಿದ ಲೂಯಿ ಆರ್ಮ್‌ಸ್ಟ್ರಾಂಗ್

ಬ್ಯಾಂಡೆಂದರೆ ಚಿಕ್ಕಂದಿನಿಂದ ನನಗೆ ಗೊತ್ತಿದ್ದುದು ಒಂದೇ ಬಗೆ. ಮದುವೆಯ ದಿಬ್ಬಣದ ಮುಂದೆ, ತಲೆಯ ಮೇಲೆ ದೀಪ ಹೊತ್ತವರ ಸಾಲಿನ ನಡುವೆ, ಬಣ್ಣ ಮಾಸಿದ ಕೆಂಪು ಕೋಟು ತೊಟ್ಟು, ಸಿನಿಮಾ ಹಾಡು ನುಡಿಸುತ್ತ ಹೋಗುವ ಹತ್ತು ಹನ್ನೆರಡು ಮಂದಿ. ಅವರ ಹಿಂದೆ ಹೆಜ್ಜೆ ಹಾಕುತ್ತ ಊರ ಕೊನೆಯವರೆಗೆ ಹೋಗಿ ಬಂದುದಕ್ಕಾಗಿ ಮನೆಯಲ್ಲಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ದಿಬ್ಬಣವು ಚಪ್ಪರ ಸೇರಿದೊಡನೆ ಆ ಮಂದಿ ಎಲ್ಲಿ ಕುಳಿತುಕೊಳ್ಳುತ್ತಾರೆ, ಎಷ್ಟನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ ಎಂದು ಮಾತ್ರ ನಾನು ಎಂದೂ ವಿಚಾರಿಸಿದವನಲ್ಲ. ಅವರದು ಸಂಗೀತವೆಂದು ನಾನು ಎಣಿಸಿಯೂ ಇರಲಿಲ್ಲ. ಸಂಗೀತವೆಂದರೆ ತಂಬೂರಿಯ ಮುಂದೆ ಕುಳಿತು ಹಾಡುವುದು. ಇದು ಬರಿಯ ಗದ್ದಲ.

ಈ ಭಾವನೆಯನ್ನು ಅಲುಗಿಸಿದವನು ಏಳು ಸಮುದ್ರದಾಚೆಯ ಒಬ್ಬ ಬಡ ಹುಡುಗ. ಅವನ ಚರಿತ್ರೆಯನ್ನು ಓದುತ್ತ ಹೋದಂತೆ ಒಂದೇ ಪಟ್ಟಣದಲ್ಲಿ ಎಷ್ಟು ಬಗೆಯ ಬ್ಯಾಂಡುಗಳು ಬಾಳಬಹುದು, ಅವೆಲ್ಲ ಕೂಡಿ ಒಬ್ಬ ಮನುಷ್ಯನನ್ನು ಹೇಗೆ ಎತ್ತಬಹುದು ಎಂಬುದು ನನಗೆ ಮೊದಲ ಬಾರಿಗೆ ತಿಳಿಯಿತು. ಅದನ್ನೇ ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದುದು 1901ನೆಯ ಆಗಸ್ಟ್ 4ರಂದು, ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪಿ ನದಿಯ ದಡದಲ್ಲಿರುವ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ. ತಾನು ಹುಟ್ಟಿದುದು 1900ನೆಯ ಜುಲೈ 4ರಂದು ಎಂದೇ ಆತನು ಬಾಳಿನುದ್ದಕ್ಕೂ ಹೇಳಿಕೊಂಡಿದ್ದನು. ನಿಜವಾದ ದಿನ ಒಂದು ಇಗರ್ಜಿಯ ದಫ್ತರದಿಂದ ಹೊರಬಿದ್ದುದು ಆತನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಹುಟ್ಟಿದ ದಿನವನ್ನು ಬರೆದಿಟ್ಟುಕೊಳ್ಳುವಷ್ಟು ಅನುಕೂಲವೂ ಆ ಮನೆಗೆ ಇರಲಿಲ್ಲ. ತಂದೆ ಮಗುವನ್ನು ಬಿಟ್ಟು ಹೋದನು. ಮೊದಲ ಕೆಲವು ವರ್ಷ ಅಜ್ಜಿ ಸಾಕಿದಳು. ಆ ಬಳಿಕ ತಾಯಿ ಮೇಯಾನ್ ಮನೆಗೆಲಸ ಮಾಡಿ ಸಲಹಿದಳು. ಅವರಿದ್ದ ಕೇರಿಯಲ್ಲಿ ಹೊಡೆದಾಟ ಎಷ್ಟು ಸಾಮಾನ್ಯವೆಂದರೆ ಜನ ಅದಕ್ಕೆ ರಣರಂಗವೆಂದೇ ಹೆಸರಿಟ್ಟಿದ್ದರು.

ಆದರೆ ಬಡತನವಿದ್ದ ಆ ಬೀದಿಗಳಲ್ಲಿ ನಾದಕ್ಕೆ ಬಡತನವಿರಲಿಲ್ಲ. ಎಲ್ಲಕ್ಕಿಂತ ಮೊದಲು ಹೇಳಬೇಕಾದುದು ಹಿತ್ತಾಳೆಯ ವಾದ್ಯಗಳ ಮೆರವಣಿಗೆ ಬ್ಯಾಂಡುಗಳನ್ನು. ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ, ನಳಿಗೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವ ಟ್ರೊಂಬೋನ್, ಕ್ಲಾರಿಯೊನೆಟ್, ದೊಡ್ಡ ಬಾಯಿಯ ಟ್ಯೂಬಾ, ಎರಡು ಬಗೆಯ ಡ್ರಮ್ಮು. ಒಟ್ಟು ಹತ್ತು ಹನ್ನೆರಡು ಜನ. ಆನ್‌ವರ್ಡ್, ಎಕ್ಸೆಲ್ಸಿಯರ್, ಟಕ್ಸೀಡೊ ಮೊದಲಾದವು ಅವುಗಳಲ್ಲಿ ಹೆಸರಾದವು. ಕಪ್ಪು ಜನರು ವಂತಿಗೆ ಹಾಕಿ ನಡೆಸುತ್ತಿದ್ದ ಪರಸ್ಪರ ಸಹಾಯ ಸಂಘಗಳು ಸದಸ್ಯನು ಸತ್ತರೆ ಶವಸಂಸ್ಕಾರಕ್ಕೆ ಬ್ಯಾಂಡನ್ನು ಗೊತ್ತುಮಾಡುತ್ತಿದ್ದವು. ಸ್ಮಶಾನಕ್ಕೆ ಹೋಗುವಾಗ ಡ್ರಮ್ಮಿನ ದನಿಯನ್ನು ತಗ್ಗಿಸಿ ವಿಲಂಬದ ಶೋಕಗೀತ. ಶವವನ್ನು ಬೀಳ್ಕೊಟ್ಟ ಮೇಲೆ, ಹಿಂದಿರುಗುವ ಹಾದಿಯಲ್ಲಿ, ಕುಣಿಯಲು ಬರುವಂಥ ದ್ರುತದ ನುಡಿತ. ಬ್ಯಾಂಡಿನ ಹಿಂದೆ ಕೊಡೆ ಕುಣಿಸುತ್ತ ನಡೆಯುವ ಜನಕ್ಕೆ ಎರಡನೆಯ ಸಾಲು ಎಂದು ಹೆಸರು. ಪುಟ್ಟ ಲೂಯಿ ಆ ಎರಡನೆಯ ಸಾಲಿನವನು. ಇದನ್ನು ಓದಿದಾಗ ನನ್ನ ಬೆನ್ನಿನ ಹಳೆಯ ಪೆಟ್ಟುಗಳು ನೆನಪಾದುವು.

ಇನ್ನು ನರ್ತನಶಾಲೆಗಳ ಬ್ಯಾಂಡುಗಳು. ಇವುಗಳಲ್ಲಿ ಎರಡು ಮನೆತನವೆನ್ನಬಹುದು. ಪಟ್ಟಣದ ಕೆಳಭಾಗದಲ್ಲಿ ಫ್ರೆಂಚರ ಮತ್ತು ಆಫ್ರಿಕದವರ ಬೆರಕೆಯಿಂದ ಹುಟ್ಟಿದ ಕ್ರಿಯೋಲ್ ಜನ. ಅವರು ಗುರುಮುಖೇನ ಕಲಿತು, ಸ್ವರಲಿಪಿ ನೋಡಿ, ಪಿಟೀಲನ್ನು ಮುಂದಿಟ್ಟುಕೊಂಡು ನುಡಿಸುವವರು. ಜಾನ್ ರೋಬಿಶೋ ಎಂಬವನ ಮೇಳ ಈ ಬಗೆಯದು. ಮೇಲಿನ ಭಾಗದಲ್ಲಿ ಹೊಲಗದ್ದೆಗಳ ಗುಲಾಮಗಿರಿಯಿಂದ ಬಂದವರ ಮಕ್ಕಳು; ಅವರು ಕಿವಿಯಿಂದಲೇ ಕಲಿತು ಎದೆಯಿಂದ ಊದುವವರು. ಬಡಿ ಬೋಲ್ಡನ್ ಅವರ ನಾಯಕ. 1907ರಲ್ಲಿ ಮತಿಭ್ರಮಣೆಯಾಗಿ ಆಸ್ಪತ್ರೆ ಸೇರಿ, 1931ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹಾವಾದಕನ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ವರ್ಣಭೇದದ ಕಾನೂನುಗಳು ಬಿಗಿಯಾಗುತ್ತ ಬಂದಾಗ ಕ್ರಿಯೋಲರನ್ನೂ ಕಪ್ಪು ಜನರ ಸಾಲಿಗೇ ತಳ್ಳಲಾಯಿತು. ಹೀಗೆ ಲಿಪಿ ಬಲ್ಲವರೂ ಕಿವಿ ಬಲ್ಲವರೂ ಒಂದೇ ಮೇಳದಲ್ಲಿ ಕೂಡಬೇಕಾಯಿತು. ಜಾಸ್ ಎಂದು ಲೋಕವು ಕರೆದ ಸಂಗೀತ ಬೆಳೆದುದು ಬಹುಮಟ್ಟಿಗೆ ಈ ಕೂಡುವಿಕೆಯಿಂದ. ಕೇಡು ಬಗೆದ ಕಾನೂನು ತಾನು ಬಯಸದ ಒಳಿತಿಗೂ ಎಡೆಮಾಡಿತು. ಆದರೆ ಅದರ ಕೀರ್ತಿ ಕಾನೂನಿಗಲ್ಲ, ಆ ವಾದಕರಿಗೆ ಸಲ್ಲತಕ್ಕುದು.

ಇಷ್ಟೇ ಅಲ್ಲ. ಮನೆಯ ಔತಣಗಳಿಗೆ ಗಿಟಾರು ಮ್ಯಾಂಡೊಲಿನ್‌ಗಳ ತಂತಿವಾದ್ಯ ಮೇಳ. ಚುಟ್ಟಾ ಪೆಟ್ಟಿಗೆಗೆ ತಂತಿ ಬಿಗಿದು ನುಡಿಸುವ ಬೀದಿ ಹುಡುಗರ ಮೇಳ. ಬಿಳಿಯರವೇ ಆದ ಬ್ಯಾಂಡುಗಳು. ನದಿಯ ಹಡಗುಗಳ ಬ್ಯಾಂಡುಗಳು. ನರ್ತನಶಾಲೆಯ ಪ್ರಚಾರಕ್ಕಾಗಿ ಬಂಡಿಯೇರಿ ಹೊರಟ ಎರಡು ಬ್ಯಾಂಡುಗಳು ಬೀದಿಯ ಮೂಲೆಯಲ್ಲಿ ಎದುರಾದರೆ ಅಲ್ಲಿಯೇ ನಿಂತು ಪಂದ್ಯ ಹೂಡುತ್ತಿದ್ದವು. ಯಾರು ಗೆದ್ದರೆಂದು ಹೇಳುತ್ತಿದ್ದವರು ಬೀದಿಯ ಜನ. ಟ್ರೊಂಬೋನಿನವನ ನಳಿಗೆ ಇತರರಿಗೆ ತಗಲದಿರಲೆಂದು ಅವನನ್ನು ಬಂಡಿಯ ಹಿಂಬದಿಯಲ್ಲಿ ಕೂರಿಸುತ್ತಿದ್ದರಂತೆ.

ಲೂಯಿ ಇವೆಲ್ಲವನ್ನೂ ಕೇಳುತ್ತ ಬೆಳೆದನು. ಲಿಥುವೇನಿಯದಿಂದ ವಲಸೆ ಬಂದಿದ್ದ ಕಾರ್ನಾಫ್‌ಸ್ಕಿ ಎಂಬ ಯೆಹೂದಿ ಕುಟುಂಬದ ಬಂಡಿಯ ಮೇಲೆ ಹಳೆಯ ಚಿಂದಿ ಕೊಳ್ಳುತ್ತ, ಇದ್ದಿಲು ಮಾರುತ್ತ, ಗಿರಾಕಿಗಳನ್ನು ಕರೆಯಲು ತಗಡಿನ ಪೀಪಿ ಊದುತ್ತಿದ್ದನು. ಮೊದಲ ಕಾರ್ನೆಟ್ ಕೊಳ್ಳಲು ಮುಂಗಡ ಹಣವಿತ್ತವರೂ ಆ ಮನೆಯವರೇ. ತನ್ನನ್ನು ಹತ್ತಿರ ಕೂರಿಸಿಕೊಂಡು ಉಣಬಡಿಸಿದ ಆ ಕುಟುಂಬವನ್ನು ಆತನು ಮುಪ್ಪಿನವರೆಗೂ ನೆನೆದನು. ಹನ್ನೊಂದರ ಸುಮಾರಿಗೆ ಗೆಳೆಯರೊಡನೆ ಬೀದಿಯಲ್ಲಿ ಹಾಡಿ ಬಿಡಿಗಾಸು ಕೂಡಿಸುತ್ತಿದ್ದನು. ಹೀಗಿರಲು 1912ನೆಯ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಸಂಭ್ರಮದಲ್ಲಿ, ಮನೆಯಲ್ಲಿದ್ದ ಪಿಸ್ತೂಲನ್ನು ತಂದು ಆಕಾಶಕ್ಕೆ ಗುಂಡು ಹಾರಿಸಿದನು. ಪೊಲೀಸರು ಹಿಡಿದರು. ಮಾರನೆಯ ದಿನವೇ ಅವನನ್ನು ಕಪ್ಪು ಮಕ್ಕಳ ಸುಧಾರಣಾಗೃಹಕ್ಕೆ ಕಳುಹಿಸಲಾಯಿತು.

ಅಲ್ಲಿಯೂ ಒಂದು ಬ್ಯಾಂಡಿತ್ತು! ಅದರ ಶಿಕ್ಷಕ ಪೀಟರ್ ಡೇವಿಸ್ ಈ ಪೋರನನ್ನು ಮೊದಮೊದಲು ನಂಬಲಿಲ್ಲ. ಕೆಟ್ಟ ಕೇರಿಯಿಂದ ಬಂದವನೆಂದು ದೂರವಿಟ್ಟನು. ಕ್ರಮೇಣ ಖಂಜರಿ ಕೊಟ್ಟನು, ಆಮೇಲೆ ಡ್ರಮ್ಮು, ಆಮೇಲೆ ಕಹಳೆ, ಕೊನೆಗೆ ಕಾರ್ನೆಟ್. ಲೂಯಿ ಬ್ಯಾಂಡಿನ ನಾಯಕನಾದನು. ಒಂದು ದಿನ ಆ ಬ್ಯಾಂಡು ಅವನದೇ ಕೇರಿಯಲ್ಲಿ ಹಾದುಹೋಯಿತು. ಜನ ಹಾಸಿಗೆಯಿಂದೆದ್ದು ಓಡಿ ಬಂದು, ಮೇಯಾನಳ ಮಗನೇ ಮುಂದೆ ಊದುತ್ತಿರುವುದನ್ನು ಕಂಡು, ಟೋಪಿ ತುಂಬ ಕಾಸು ಸುರಿದರೆಂದು ಆತನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1914ರ ಬೇಸಗೆಯಲ್ಲಿ ಬಿಡುಗಡೆಯಾಯಿತು.

ಮುಂದಿನದು ಏರುಗತಿಯ ಕಥೆ. ಹಗಲು ಇದ್ದಿಲ ಗಾಡಿ, ರಾತ್ರಿ ಕಾರ್ನೆಟ್. ಕಿಂಗ್ ಆಲಿವರ್ ಎಂದು ಹೆಸರಾದ ಜೋ ಆಲಿವರ್ ಅವನಿಗೆ ಗುರುವಾದನು; ಆಲಿವರ್ ಊರು ಬಿಟ್ಟು ಷಿಕಾಗೋ ಸೇರಿದಾಗ ಕಿಡ್ ಓರಿಯ ಬ್ಯಾಂಡಿನಲ್ಲಿ ಅವನ ಜಾಗ ಶಿಷ್ಯನಿಗೆ ದೊರಕಿತು. ಹಡಗಿನ ಬ್ಯಾಂಡಿನ ನಾಯಕ ಫೇಟ್ ಮ್ಯಾರಬಲ್‌ನ ಶಿಸ್ತಿನಲ್ಲಿ ಸ್ವರಲಿಪಿ ಓದುವುದು ಬಂದಿತು. ಟಕ್ಸೀಡೊ ಬ್ಯಾಂಡಿನಲ್ಲಿ ಶವಯಾತ್ರೆಗಳಿಗೂ ನುಡಿಸಿದನು. 1922ರಲ್ಲಿ ಗುರು ಷಿಕಾಗೋಗೆ ಕರೆಸಿಕೊಂಡನು. 1925ರಿಂದ 1928ರವರೆಗೆ ಸ್ವಂತ ಮೇಳ ಕಟ್ಟಿ ಕೊಟ್ಟ ಮುದ್ರಿಕೆಗಳು ಆ ಸಂಗೀತದ ದಾರಿಯನ್ನೇ ತಿರುಗಿಸಿದವು. ಅದುವರೆಗೆ ಎಲ್ಲರೂ ಕೂಡಿ ನುಡಿಸುವುದೇ ಮುಖ್ಯವಾಗಿತ್ತು; ಒಬ್ಬನೇ ವಾದಕ ಎದ್ದು ನಿಂತು ತನ್ನ ಮನೋಧರ್ಮವನ್ನು ಬಿಚ್ಚಿ ತೋರಿಸುವುದಕ್ಕೆ ಅಗ್ರಸ್ಥಾನ ತಂದವನು ಈತನು. ನಮ್ಮ ಕಛೇರಿಗಳ ರಾಗವಿಸ್ತಾರವನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹುಟ್ಟೂರು ಅವನನ್ನು ಹೇಗೆ ಕಂಡಿತು? 1931ರಲ್ಲಿ ಕೀರ್ತಿವಂತನಾಗಿ ಹಿಂದಿರುಗಿದಾಗ ರೈಲು ನಿಲ್ದಾಣದಲ್ಲಿ ಬ್ಯಾಂಡುಗಳು ಸ್ವಾಗತಿಸಿದವು. ಅದೇ ಊರಿನ ರೇಡಿಯೋ ಪ್ರಸಾರಕನೊಬ್ಬನು ಕಪ್ಪು ಮನುಷ್ಯನ ಹೆಸರನ್ನು ತಾನು ಸಾರಲಾರೆನೆಂದು ಮುಖ ತಿರುಗಿಸಿದನು. ಲೂಯಿ ತಾನೇ ಧ್ವನಿವರ್ಧಕದ ಮುಂದೆ ನಿಂತು ತನ್ನ ಕಾರ್ಯಕ್ರಮವನ್ನು ತಾನೇ ಸಾರಿಕೊಂಡನು. 1956ರಲ್ಲಿ ಲೂಯಿಸಿಯಾನಾ ಸಂಸ್ಥಾನವು ಕಪ್ಪು ಬಿಳಿಯ ವಾದಕರು ಒಂದೇ ವೇದಿಕೆಯಲ್ಲಿ ನುಡಿಸಕೂಡದೆಂದು ಕಾನೂನು ಮಾಡಿತು. ಅವನ ಮೇಳದಲ್ಲಿ ಎರಡು ಬಣ್ಣದವರೂ ಇದ್ದರು. ಸಂಗಡಿಗರನ್ನು ಬಿಟ್ಟು ಬರಲು ಒಪ್ಪದೆ ಹುಟ್ಟೂರಿನಲ್ಲಿ ನುಡಿಸುವುದನ್ನೇ ಬಿಟ್ಟನು. 1964ರ ನಾಗರಿಕ ಹಕ್ಕುಗಳ ಶಾಸನ ಬಂದ ಮೇಲೆ, 1965ರಲ್ಲಿ, ಮತ್ತೆ ಅಲ್ಲಿ ತುತ್ತೂರಿ ಎತ್ತಿದನು. ಸದಾ ನಗುಮೊಗದ ಈ ಮನುಷ್ಯನನ್ನು ಬಿಳಿಯರನ್ನು ರಂಜಿಸುವವನೆಂದು ಹಳಿದವರು ಉಂಟು. ಅಂಥವರು ಈ ಒಂಬತ್ತು ವರ್ಷಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಕು.

1971ನೆಯ ಜುಲೈ 6ರಂದು ನ್ಯೂಯಾರ್ಕಿನಲ್ಲಿ ಆತನು ತೀರಿಕೊಂಡನು. 2001ರಲ್ಲಿ, ಆತನು ಹುಟ್ಟಿ ನೂರು ವರ್ಷವಾದಾಗ, ಹುಟ್ಟೂರಿನ ವಿಮಾನ ನಿಲ್ದಾಣಕ್ಕೆ ಆತನ ಹೆಸರಿಟ್ಟರು.

ಈ ಚರಿತ್ರೆ ಓದಿದ ಮೇಲೆ ನಮ್ಮ ಬಂಧುಗಳ ಮನೆಯಲ್ಲಿ ಒಂದು ಮದುವೆಯಾಯಿತು. ದಿಬ್ಬಣ ಮುಗಿದ ಮೇಲೆ ಬ್ಯಾಂಡಿನವರು ಛತ್ರದ ಹಿಂದೆ ಕಲ್ಲುಚಪ್ಪಡಿಯ ಮೇಲೆ ಕುಳಿತಿದ್ದರು. ಕಾರ್ನೆಟ್ ಊದುವ ಹಿರಿಯರೊಬ್ಬರನ್ನು ಮಾತನಾಡಿಸಿದೆ. ವಿದ್ಯೆ ಯಾರಿಂದ ಬಂತೆಂದು ಕೇಳಿದಾಗ ತಮ್ಮ ತಂದೆಯಿಂದಲೆಂದರು. ತುಟಿ ಒಡೆದ ಗಾಯದ ಗುರುತನ್ನು ತೋರಿಸಿದರು. ಕೇಳುವವರಿಲ್ಲವೆಂದು ಬಿಟ್ಟಿದ್ದ ಒಂದು ಮೋಹನರಾಗದ ಕೀರ್ತನೆಯನ್ನು ಮೆಲ್ಲಗೆ ನುಡಿಸಿದರು. ಅಷ್ಟು ವರ್ಷ ನಾನು ಗದ್ದಲವೆಂದು ತಿಳಿದಿದ್ದುದರ ಒಳಗೆ ಅದು ಇತ್ತು. ಬಳಿಕ ಊಟಕ್ಕೆ ಕರೆ ಬಂದಾಗ ಮೊದಲ ಪಂಕ್ತಿಗೆ ನನ್ನೊಡನೆ ಬನ್ನಿರೆಂದು ಅವರನ್ನು ಕರೆದೆ. ಅವರು ಸಂಕೋಚಪಟ್ಟು ಒಳಗಿನ ಹಿರಿಯರ ಮುಖ ನೋಡಿದರು. ಯಾರೂ ಮಾತಾಡಲಿಲ್ಲ. ನಾನು ಅವರ ಜೊತೆಯಲ್ಲಿ ಕೊನೆಯ ಪಂಕ್ತಿಯವರೆಗೆ ಕಾದು, ಅವರ ಪಕ್ಕದಲ್ಲಿಯೇ ಉಂಡೆನು.