ದುರ್ಯೋಧನನಲ್ಲಿ ನಾಯಕನನ್ನು ಕಂಡ ಬಿ.ಎಂ.ಶ್ರೀ.

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ನಾಟಕವಾಡುವುದುಂಟು. ಆಡುವವರೇ ಹಣ ಹಾಕಿ ಪಾತ್ರ ಹಿಡಿಯುತ್ತಾರೆ. ನಮ್ಮೂರಿನಲ್ಲಿ ಭೀಮನಿಗಿಂತ ದುರ್ಯೋಧನನ ಪಾತ್ರಕ್ಕೆ ಹೆಚ್ಚು ಹಣ. ಇದೇಕೆಂದು ನಾನು ಎಂದೂ ಯೋಚಿಸಿರಲಿಲ್ಲ. ಬಿ.ಎ. ಮೊದಲ ವರ್ಷದಲ್ಲಿ ರನ್ನನ ‘ಗದಾಯುದ್ಧ’ದ ನಾಯಕನಾರೆಂಬ ಪ್ರಶ್ನೆ ಬಂದಾಗ, ದುರ್ಯೋಧನನೆಂದು ಹೇಳಿಬಿಟ್ಟೆ. ತರಗತಿಯೆಲ್ಲ ನಕ್ಕಿತು. ನಾಯಕ, ಪ್ರತಿನಾಯಕ ಎಂಬ ಮಾತುಗಳು ಶಾಸ್ತ್ರದಲ್ಲಿವೆಯೆಂದು, ನಮ್ಮ ಮನೆಯಲ್ಲಿ ಮೊದಲು ಕಾಲೇಜಿಗೆ ಬಂದ ನನಗೆ ತಿಳಿದದ್ದು ಅಂದೇ. ಅಂದು ಬೇಸರದಿಂದ ಗ್ರಂಥಭಂಡಾರಕ್ಕೆ ಹೋದವನಿಗೆ ಸಿಕ್ಕಿದ್ದು ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ನಮ್ಮ ಜಿಲ್ಲೆಯಲ್ಲಿಯೇ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರ ಜನವರಿ 3ರಂದು ಜನಿಸಿದರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಮಗನೂ ಮದ್ರಾಸಿನಲ್ಲಿ ಕಾನೂನು ಓದಿದರು, ಎಂ.ಎ. ಮಾಡಿದರು, ಆದರೆ ನ್ಯಾಯಾಲಯದ ಮೆಟ್ಟಿಲಿಗಿಂತ ತರಗತಿಯ ಮೆಟ್ಟಿಲು ಅವರಿಗೆ ಹಿಡಿಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಇಂಗ್ಲಿಷ್ ಕಲಿಸುವವರು ಕನ್ನಡವನ್ನು ಕೀಳೆಂದು ಕಾಣುತ್ತಿದ್ದ ಆ ಕಾಲದಲ್ಲಿ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಇವರು ಭಾಷಣ ಮಾಡಿದರು. ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಿಂದ ಕನ್ನಡದ ಹೊಸ ಕವಿತೆಗೆ ದಾರಿಯಾದುದನ್ನು ಎಲ್ಲರೂ ಬಲ್ಲರು.

ನನಗೆ ಮುಖ್ಯವೆನಿಸುವುದು ಅವರ ನಾಟಕಗಳು. ನಮ್ಮ ಲಾಕ್ಷಣಿಕರು ನಾಯಕನನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತನೆಂದು ವಿಂಗಡಿಸಿದರು. ಫಲ ಪಡೆಯುವವನೇ ನಾಯಕ, ಅವನಿಗೆ ಎದುರಾದವನು ಪ್ರತಿನಾಯಕ. ಈ ಲೆಕ್ಕದಲ್ಲಿ ‘ಗದಾಯುದ್ಧ’ದ ನಾಯಕ ಭೀಮನೇ. ತನಗೆ ಆಶ್ರಯ ಕೊಟ್ಟ ಸತ್ಯಾಶ್ರಯನನ್ನು ರನ್ನನು ಭೀಮನೊಡನೆ ಹೋಲಿಸಿದ್ದಾನೆ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಅಂದು ನಕ್ಕವರದೇನೂ ತಪ್ಪಿಲ್ಲ.

ಆದರೆ ಗ್ರೀಕ್ ನಾಟಕಗಳನ್ನು ಬಲ್ಲ ಶ್ರೀಯವರಿಗೆ ಇನ್ನೊಂದು ಅಳತೆಗೋಲು ಗೊತ್ತಿತ್ತು. ರುದ್ರನಾಟಕದ ನಾಯಕನು ಗೆಲ್ಲಬೇಕಾಗಿಲ್ಲ. ಅವನು ದೊಡ್ಡವನಾಗಿರಬೇಕು, ತನ್ನದೇ ತಪ್ಪಿನಿಂದ ಬೀಳಬೇಕು, ಆ ಬೀಳುವಿಕೆ ನೋಡುವವರಲ್ಲಿ ಕರುಣೆಯನ್ನೂ ಭೀತಿಯನ್ನೂ ಹುಟ್ಟಿಸಬೇಕು. ರಣರಂಗದಲ್ಲಿ ದ್ರೋಣನ, ತಮ್ಮ ದುಶ್ಶಾಸನನ, ಗೆಳೆಯ ಕರ್ಣನ, ಮಗ ಲಕ್ಷಣಕುಮಾರನ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವನ್ನೂ ಮೆಚ್ಚುವ ದುರ್ಯೋಧನ, ಕೊಳದಲ್ಲಿ ಅಡಗಿದ್ದರೂ ಭೀಮನ ಮೂದಲಿಕೆ ತಾಳದೆ ಎದ್ದುಬರುವ ದುರ್ಯೋಧನ ಅಂಥವನಲ್ಲವೆ? ಶ್ರೀಯವರು ಹೆಚ್ಚಾಗಿ ರನ್ನನ ಪದ್ಯಗಳನ್ನೇ ಆಯ್ದು, 1926ರಲ್ಲಿ ನಾಟಕವನ್ನು ಹೊರತಂದರು. ಪಾತ್ರದ ಎತ್ತರ ಮಾತ್ರ ಈಗ ಎದ್ದು ಕಂಡಿತು. ನಾಗಚಂದ್ರನ ರಾವಣನನ್ನೂ ಅವರು ಇದೇ ಕಣ್ಣಿನಿಂದ ನೋಡಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು.

1929ರ ‘ಅಶ್ವತ್ಥಾಮನ್’ ಇನ್ನೂ ಧೈರ್ಯದ ಕೆಲಸ. ಗ್ರೀಕ್ ಕವಿ ಸೊಫೋಕ್ಲೀಸನ ಅಜಾಕ್ಸ್ ಮತಿಗೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕೊಂದು, ನಾಚಿಕೆಯಿಂದ ತನ್ನನ್ನೇ ಕೊಂದುಕೊಳ್ಳುತ್ತಾನೆ. ಆ ಕಥೆಯನ್ನು ಶ್ರೀಯವರು ದ್ರೋಣಪುತ್ರನಿಗೆ ಹೊಂದಿಸಿದರು. ಪುರಾಣದ ಚಿರಂಜೀವಿ ರಂಗದ ಮೇಲೆ ಸತ್ತರೆ ಸುಮ್ಮನಿರುವರೆ? ಆಕ್ಷೇಪಗಳು ಬಂದವು. ಚಿರಂಜೀವಿಯನ್ನು ಸಾಯಿಸಿದ್ದು ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಓದಿ ಮುಗಿಸಿದಾಗ ಮಾತ್ರ ಮನಸ್ಸು ಭಾರವಾಗಿತ್ತು. ಅನಂತರ ‘ಪಾರಸಿಕರು’ ಬಂದಿತು.

1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆ, ಸಾಹಿತ್ಯ ಪರಿಷತ್ತಿನ ದುಡಿಮೆ, ಇವೆಲ್ಲ ಅವರ ಪಾಲಿಗೆ ಬಂದವು. ನಿವೃತ್ತರಾದ ಮೇಲೂ ಸುಮ್ಮನೆ ಕೂರದೆ ಧಾರವಾಡದ ಕಾಲೇಜೊಂದಕ್ಕೆ ಹೋದರು. ಮೂವತ್ತೈದು ವರ್ಷಗಳ ಹಿಂದೆ ಕನ್ನಡಕ್ಕಾಗಿ ಮಾತನಾಡಿದ್ದ ಅದೇ ಊರಿನಲ್ಲಿ, 1946ರ ಜನವರಿ 5ರಂದು ತೀರಿಕೊಂಡರು. ಅರುವತ್ತೆರಡು ತುಂಬಿ ಎರಡೇ ದಿನಗಳಾಗಿದ್ದವು.