ತಂತಿಯಲ್ಲಿ ಗೆದ್ದ ಬೆಲ್, ಬೆಳಕನ್ನು ನೆಚ್ಚಿದ ಬೆಲ್

ದೂರವಾಣಿ ಎಂದೊಡನೆ ನೆನಪಾಗುವ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರು ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಉಚ್ಚಾರಣೆ ಕಲಿಸುವ ಶಿಕ್ಷಕರು. ಇಬ್ಬರು ಸಹೋದರರು ಕ್ಷಯರೋಗಕ್ಕೆ ಬಲಿಯಾದ ಮೇಲೆ, 1870ರಲ್ಲಿ ಕುಟುಂಬ ಕೆನಡಾಕ್ಕೆ ವಲಸೆ ಹೋಯಿತು.

ಮುಂದೆ ಬೆಲ್ ಅಮೆರಿಕದ ಬೋಸ್ಟನ್‌ನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಲೇ ತಂತಿಯಲ್ಲಿ ಧ್ವನಿ ಕಳುಹಿಸುವ ಪ್ರಯೋಗ ನಡೆಸಿದರು. 1876ರ ಮಾರ್ಚ್ 7ರಂದು ಟೆಲಿಫೋನಿನ ಪೇಟೆಂಟ್ ಅವರ ಕೈಸೇರಿತು.

ಆದರೆ ತಮ್ಮ ಅತಿ ದೊಡ್ಡ ಸಾಧನೆಯೆಂದು ಅವರು ನಂಬಿದ್ದು ಫೋಟೋಫೋನನ್ನು. 1880ರಲ್ಲಿ ವಾಷಿಂಗ್ಟನ್‌ನಲ್ಲಿ, ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಜೊತೆಗೂಡಿ, ತಂತಿಯೇ ಇಲ್ಲದೆ ಮಾತನ್ನು ಸುಮಾರು 213 ಮೀಟರ್ ದೂರ ದಾಟಿಸಿದರು. ಧ್ವನಿಗೆ ತೆಳು ಕನ್ನಡಿ ಅದುರುತ್ತಿತ್ತು. ಅದರಿಂದ ಚಿಮ್ಮಿದ ಬಿಸಿಲು ಏರಿಳಿಯುತ್ತಿತ್ತು. ಆಚೆ ತುದಿಯಲ್ಲಿ ಸೆಲೆನಿಯಂ ಆ ಏರಿಳಿತವನ್ನು ವಿದ್ಯುತ್ತಿಗೆ ಇಳಿಸಿ ಮತ್ತೆ ಮಾತಾಗಿಸುತ್ತಿತ್ತು.

ಮೋಡ, ಮಂಜು, ಮಳೆ ಅಡ್ಡ ಬಂದರೆ ಮಾತು ನಿಂತೇ ಹೋಗುತ್ತಿತ್ತು. ತಂತಿಗೆ ಆ ಕಾಟವಿರಲಿಲ್ಲ. ಜನ ತಂತಿಯನ್ನೇ ನೆಚ್ಚಿದರು.

1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ಬೆಲ್ ತೀರಿಕೊಂಡರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನವಾದವು.

ಅವರ ಬೆಳಕಿನ ಯೋಚನೆ ಮಾತ್ರ ಸಾಯಲಿಲ್ಲ. 1970ರಲ್ಲಿ ಬೆಳಕು ಹೆಚ್ಚು ಸೋರದ ಗಾಜಿನ ಎಳೆ ಅಮೆರಿಕದಲ್ಲಿ ತಯಾರಾಯಿತು. 1988ರಲ್ಲಿ ಅಟ್ಲಾಂಟಿಕ್ ಸಾಗರದಡಿ ಇಂಥ ಎಳೆಗಳ ಮೊದಲ ಕೇಬಲ್ ಹಾದುಹೋಯಿತು. ಇಂದು ಖಂಡಖಂಡಗಳ ಕಂಪ್ಯೂಟರ್‌ಗಳನ್ನು ಬೆಸೆದಿರುವುದು ಮುಖ್ಯವಾಗಿ ಈ ಎಳೆಗಳೇ. ಬಯಲಿನಲ್ಲಿ ಮಳೆಗೆ ಸೋತ ಬೆಳಕಿಗೆ ಗಾಜಿನೊಳಗೆ ದಾರಿ ಸಿಕ್ಕಿತು.